ಅರಳುಮರಳೆಂಬ ಮಾತೂ ಮರವೆಯ ರೋಗದ ಮೂಲವೂ

(ಹೊಣಕೆರೆಯ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

 

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯು ನಾಗಮಂಗಲದ ಸೀಮೆಯಲ್ಲಿ ಹುಡುಗರ ಬಾಯಲ್ಲಿಯೂ ಉಂಟು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹಿರಿಯರು ಹೇಳುತ್ತಾರೆ. ಆದರೆ ಈ ಒಂದು ಗಾದೆಯನ್ನು ಮಾತ್ರ ಸುಳ್ಳೆಂದೇ ಹೇಳಬೇಕಾಗಿದೆ. ಸುಳ್ಳಷ್ಟೇ ಅಲ್ಲ, ಅದು ಮನೆಗಳನ್ನು ಒಡೆಯುವಂತಹ ಸುಳ್ಳು.

ಹೇಗೆಂದರೆ, ಮನೆಯ ಹಿರಿಯ ತಾಯಿಯೊಬ್ಬಳು ಮುದ್ದೆಯುಂಡು, ಕೈತೊಳೆದು, ಜಗಲಿಯ ಮೇಲೆ ಬಂದು ಕುಳಿತು, ಒಂದು ಗಳಿಗೆ ಕಳೆಯುವುದರೊಳಗಾಗಿ ಹಾದಿಯಲ್ಲಿ ಹೋಗುವವರನ್ನು ಕರೆದು, "ಬೆಳಗಿನಿಂದ ಈ ಮನೆಯಲ್ಲಿ ಒಂದು ತುತ್ತು ಹಾಕಿದವರಿಲ್ಲವಪ್ಪಾ" ಎಂದು ಕಣ್ಣೀರಿಡುವಳು. ಕೇಳಿದವರು ಸೊಸೆಯನ್ನು ಹಳಿಯುವರು. ಬೆಳಗಿನಿಂದ ಒಲೆಯ ಮುಂದೆ ಬೆಂದ ಸೊಸೆಯು, ಅತ್ತೆಯು ಬೇಕೆಂದೇ ತನ್ನ ಮಾನವನ್ನು ಕಳೆಯುತ್ತಿರುವಳೆಂದು ತಿಳಿದು ಹಗೆ ಸಾಧಿಸುವಳು. ಮಗನು ಇಬ್ಬರ ನಡುವೆ ಸಿಕ್ಕಿ ತಾಯಿಯನ್ನು ಗದರಿಸುವನು. ಕಡೆಗೆ ನೆರೆಹೊರೆಯವರಲ್ಲಿ ಒಬ್ಬರು ಮಾಟವೆನ್ನುವರು, ಒಬ್ಬರು ಗ್ರಹಚಾರವೆನ್ನುವರು, ಒಬ್ಬರು ಹಿಂದೆ ಮಾಡಿದ ಪಾಪವೆನ್ನುವರು. ಇಷ್ಟೆಲ್ಲ ನಡೆದರೂ ಆ ಮನೆಯಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇಲ್ಲ. ತಾಯಿಯು ಉಂಡದ್ದು ದಿಟ. ಉಣ್ಣಲಿಲ್ಲವೆಂದು ಅವಳು ನಂಬಿರುವುದೂ ಅಷ್ಟೇ ದಿಟ. ಆ ಊಟದ ನೆನಪು ಅವಳ ಮೆದುಳಿನಲ್ಲಿ ಅಚ್ಚೊತ್ತಲೇ ಇಲ್ಲ. ಇದು ಒಂದು ರೋಗ. ಮಧುಮೇಹವು ಹೇಗೆ ದೇಹದ ರೋಗವೋ, ಕ್ಷಯವು ಹೇಗೆ ದೇಹದ ರೋಗವೋ, ಇದೂ ಹಾಗೆಯೇ ದೇಹದ ರೋಗ. ಇದಕ್ಕೆ ಆಲ್ಜೈಮರ್ ರೋಗವೆಂದು ಹೆಸರು. ಮುಪ್ಪಿನಲ್ಲಿ ಬುದ್ಧಿಶಕ್ತಿಯನ್ನು ಕುಂದಿಸುವ ರೋಗಗಳು ಹಲವುಂಟಾದರೂ ಅವುಗಳಲ್ಲಿ ಅತ್ಯಂತ ಹೆಚ್ಚಾಗಿ ಕಾಣಬರುವುದು ಇದೇ.

ಮೊದಲು ಗಾದೆಯ ಲೆಕ್ಕವನ್ನು ನೋಡಬಹುದು. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದರ ಅಂದಾಜಿನಂತೆ, 60 ವರ್ಷವಾದವರಲ್ಲಿಯೂ ಅದಕ್ಕೆ ಮೇಲ್ಪಟ್ಟವರಲ್ಲಿಯೂ ನೂರಕ್ಕೆ 7.4 ಮಂದಿ, ಎಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನ, ಬುದ್ಧಿಯನ್ನು ಕುಂದಿಸುವ ಇಂತಹ ಯಾವುದಾದರೊಂದು ರೋಗಕ್ಕೆ ತುತ್ತಾಗಿದ್ದಾರೆ. ಸಂಖ್ಯೆಯು ಭಯಂಕರವೇ ಸರಿ. ಆದರೆ ಉಳಿದ ತೊಂಬತ್ತೆರಡಕ್ಕೂ ಮಿಕ್ಕವರಿಗೆ ಅದಿಲ್ಲವಷ್ಟೆ! ಅರವತ್ತಾದ ಮಾತ್ರಕ್ಕೆ ಅರಳುಮರಳು ಬರುವುದೆಂಬುದು ಎಲ್ಲಿ ನಿಂತಿತು? ಹೊಲಕ್ಕೆ ಹೊರಟವರು ಕುಡುಗೋಲನ್ನು ಮರೆತು ಅರ್ಧ ಹಾದಿಯಿಂದ ಹಿಂದಿರುಗುವುದು ಮುಪ್ಪಿನ ಸಹಜವಾದ ಮರವೆ. ನಲವತ್ತು ವರ್ಷ ತಾವೇ ಉತ್ತ ಹೊಲದ ಹಾದಿ ತಿಳಿಯದೆ ಬದುವಿನ ಮೇಲೆ ನಿಂತು ಸುತ್ತಲೂ ನೋಡುವುದು ರೋಗ. ಇವೆರಡನ್ನೂ ಒಂದೇ ಮಾತಿನಿಂದ ಕರೆದು ನಕ್ಕುಬಿಡುವುದರಿಂದಲೇ ರೋಗಿಗಳು ವೈದ್ಯರ ಕಣ್ಣಿಗೆ ಬೀಳದೆ ಉಳಿದುಹೋಗುತ್ತಾರೆ.

ರೋಗಕ್ಕೆ ಈ ಹೆಸರು ಬಂದ ವೃತ್ತಾಂತವು ಚಿಕ್ಕದು. ಜರ್ಮನಿ ದೇಶದ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ 1901ರಲ್ಲಿ ಆಗುಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಗಂಡನ ಮೇಲೆ ಸಂಶಯ, ಹೇಳಿದ್ದು ಮರುಕ್ಷಣ ಮರವೆ, ತನ್ನ ಹೆಸರನ್ನು ಬರೆಯಲು ತೊಡಗಿ ನಡುವೆ ನಿಲ್ಲಿಸುವುದು, ಇವು ಅವಳ ಲಕ್ಷಣಗಳು. ವೈದ್ಯನಾದ ಆಲೋಯಿಸ್ ಆಲ್ಜೈಮರನು ಅವಳನ್ನು ಪರೀಕ್ಷಿಸಿ ಪ್ರತಿಯೊಂದು ಪ್ರಶ್ನೋತ್ತರವನ್ನೂ ಬರೆದಿಟ್ಟನು. 1906ರಲ್ಲಿ ಅವಳು ತೀರಿಕೊಂಡಳು. ಅಷ್ಟು ಹೊತ್ತಿಗೆ ಮ್ಯೂನಿಕ್ ನಗರಕ್ಕೆ ಹೋಗಿದ್ದ ಆತನು ಅವಳ ಮೆದುಳನ್ನು ತರಿಸಿಕೊಂಡು, ತೆಳುವಾಗಿ ಕೊಯ್ದು, ಬೆಳ್ಳಿಯ ಲವಣದಿಂದ ಬಣ್ಣಗಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿದನು. ನರಕೋಶಗಳ ಹೊರಗೆ ಅಲ್ಲಲ್ಲಿ ಗಸಿಯ ಮುದ್ದೆಗಳೂ, ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಎಳೆಗಳೂ ಕಂಡವು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗನ್ನಿನ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದಾಗ ಒಬ್ಬರೂ ಒಂದು ಪ್ರಶ್ನೆಯನ್ನು ಕೇಳಲಿಲ್ಲವಂತೆ. ರೋಗಕ್ಕೆ ಆತನ ಹೆಸರನ್ನಿಟ್ಟವನು ಆತನ ಹಿರಿಯನಾದ ಕ್ರೇಪೆಲಿನ್, ಅದು 1910ರಲ್ಲಿ. ಆ ಗಸಿಯೇನು, ಆ ಸಿಕ್ಕೇನು ಎಂಬುದು ತಿಳಿಯುವುದಕ್ಕೆ ಮಾತ್ರ ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು.

ಹೊಣಕೆರೆಯ ಹೆಸರಿನಲ್ಲಿಯೇ ಕೆರೆಯುಂಟು. ಆದ್ದರಿಂದ ಈ ಗಸಿಯ ವಿಷಯವನ್ನು ಕೆರೆಯ ಹೂಳಿನಿಂದಲೇ ವಿವರಿಸುವುದು ಲೇಸು. ಕೆರೆಯಲ್ಲಿ ಹೂಳು ತುಂಬುವುದಕ್ಕೆ ಎರಡು ಕಾರಣಗಳುಂಟು: ಮೇಲಿನ ಹಳ್ಳದಿಂದ ಮಣ್ಣು ಹೆಚ್ಚಾಗಿ ಬರುವುದೊಂದು, ಬಂದ ಮಣ್ಣು ಹೊರಹೋಗದೆ ನಿಲ್ಲುವುದಿನ್ನೊಂದು. ಮೆದುಳಿನಲ್ಲಿಯೂ ಹೀಗೆಯೇ ಆಗುತ್ತದೆ. ನರಕೋಶದ ಹೊರಪೊರೆಯಲ್ಲಿ ನೆಟ್ಟುಕೊಂಡಿರುವ ಒಂದು ಪ್ರೋಟೀನು ಉಂಟು. ಅದನ್ನು ಅಮೈಲಾಯ್ಡ್ ಜನಕ ಪ್ರೋಟೀನೆಂದು ಕರೆಯಬಹುದು. ಅದನ್ನು ಎರಡು ಕತ್ತರಿಗಳಂತಹ ಕಿಣ್ವಗಳು ಒಂದರ ಮೇಲೊಂದು ಕತ್ತರಿಸಿದಾಗ ಒಂದು ಚಿಕ್ಕ ತುಂಡು ಉದುರುತ್ತದೆ. ಈ ತುಂಡಿಗೆ ಅಮೈಲಾಯ್ಡ್ ಬೀಟಾ ಎಂದು ಹೆಸರು. ಇದು ಆರೋಗ್ಯವಂತರಲ್ಲಿಯೂ ದಿನಂಪ್ರತಿ ಹುಟ್ಟುತ್ತದೆ, ದಿನಂಪ್ರತಿ ಹೊರಹೋಗುತ್ತದೆ. ತುಂಡಿನ ಉದ್ದವು 40 ಕೊಂಡಿಗಳಿದ್ದರೆ ಅದು ನೀರಿನಂತೆ ಹರಿದುಹೋಗುವುದು ಸುಲಭ. 42 ಕೊಂಡಿಗಳಿದ್ದರೆ ಒಂದಕ್ಕೊಂದು ಅಂಟಿಕೊಳ್ಳುವುದು ಹೆಚ್ಚು. ಎರಡೇ ಕೊಂಡಿಗಳ ಅಂತರ! ಆಲ್ಜೈಮರನು ಕಂಡ ಗಸಿಯು ಈ ತುಂಡುಗಳ ರಾಶಿಯೇ. ಇದನ್ನು 1984ರಲ್ಲಿ ಅಮೆರಿಕದ ಗ್ಲೆನರ್ ಮತ್ತು ವಾಂಗ್ ಎಂಬವರು ಬಿಡಿಸಿ ತೋರಿಸಿದರು.

ಇನ್ನು ವಂಶದ ಮಾತು. ದೇಹದ ಪ್ರತಿಯೊಂದು ಪ್ರೋಟೀನಿಗೂ ಒಂದೊಂದು ಅಚ್ಚು ಉಂಟು. ಅದೇ ವಂಶವಾಹಿ, ಜೀನು ಎನ್ನುತ್ತಾರೆ. ನಾಗಮಂಗಲದ ಎರಕದ ಕೆಲಸದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಚ್ಚಿನಲ್ಲಿ ಒಂದು ಎಳೆಯಷ್ಟು ದೋಷವಿದ್ದರೆ ಎರಕದಲ್ಲಿಯೂ ಆ ದೋಷವು ಮೂಡುತ್ತದೆ. ಅಮೈಲಾಯ್ಡ್ ಜನಕದ ಅಚ್ಚು 21ನೆಯ ವರ್ಣತಂತುವಿನಲ್ಲಿ ಇದೆಯೆಂದು 1987ರಲ್ಲಿ ತಿಳಿದುಬಂದಿತು. 1991ರಲ್ಲಿ ಲಂಡನ್ನಿನ ಶೋಧಕರು, ನಡುವಯಸ್ಸಿನಲ್ಲಿಯೇ ತಲೆತಲಾಂತರವಾಗಿ ಈ ರೋಗವು ಬರುತ್ತಿದ್ದ ಒಂದು ಕುಟುಂಬದಲ್ಲಿ, ಆ ಅಚ್ಚಿನ ಒಂದೇ ಒಂದು ಅಕ್ಷರವು ಬದಲಾಗಿರುವುದನ್ನು ಕಂಡರು. 1995ರಲ್ಲಿ ಪ್ರಿಸೆನಿಲಿನ್ ಎಂಬ ಇನ್ನೆರಡು ಅಚ್ಚುಗಳು ಸಿಕ್ಕಿದವು. ಇವು ಮೇಲೆ ಹೇಳಿದ ಎರಡನೆಯ ಕತ್ತರಿಯ ಭಾಗಗಳು. ಈ ಮೂರು ಅಚ್ಚುಗಳಲ್ಲಿ ಯಾವುದಾದರೊಂದು ಕೆಟ್ಟರೆ ಹಳ್ಳದಿಂದ ಬರುವ ಹೂಳು ಹೆಚ್ಚುತ್ತದೆ, ಇಲ್ಲವೆ ಅಂಟು ಹೂಳೇ ಹೆಚ್ಚಾಗಿ ಬರುತ್ತದೆ. ಆಗ ರೋಗವು ಮೂವತ್ತು ನಲವತ್ತು ಐವತ್ತನೆಯ ವಯಸ್ಸಿನಲ್ಲಿಯೇ ಬರುವುದು. ಅಂತಹ ತಂದೆಯ ಅಥವಾ ತಾಯಿಯ ಮಕ್ಕಳಲ್ಲಿ ಸರಾಸರಿ ಅರ್ಧದಷ್ಟು ಮಂದಿಗೆ ಬರುವುದು. ಹುಟ್ಟಿನಿಂದಲೇ 21ನೆಯ ವರ್ಣತಂತು ಎರಡಕ್ಕೆ ಬದಲಾಗಿ ಮೂರಿರುವ ಡೌನ್ ಲಕ್ಷಣದ ಮಕ್ಕಳು ಬೆಳೆದು ನಡುವಯಸ್ಸಿಗೆ ಬಂದಾಗ ಅವರ ಮೆದುಳಿನಲ್ಲಿಯೂ ಇದೇ ಗಸಿ ಕಾಣುವುದು ಇದೇ ಕಾರಣದಿಂದ. ಇದಕ್ಕೆ ವಿರುದ್ಧವಾದ ಸಾಕ್ಷಿಯೂ ಉಂಟು. ಐಸ್‌ಲ್ಯಾಂಡ್ ದ್ವೀಪದ ಕೆಲವರಲ್ಲಿ ಅದೇ ಅಚ್ಚಿನ ಬೇರೊಂದು ಅಕ್ಷರದ ಬದಲಾವಣೆಯಿಂದ ಕತ್ತರಿಯು ಸರಿಯಾಗಿ ಕೂಡದೆ, ಹೂಳು ಕಡಿಮೆಯಾಗಿ, ಮುಪ್ಪಿನಲ್ಲಿಯೂ ರೋಗದಿಂದ ರಕ್ಷಣೆ ದೊರೆತಿರುವುದನ್ನು 2012ರಲ್ಲಿ ವರದಿ ಮಾಡಿದರು.

ಆದರೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೀಗೆ ನೇರವಾಗಿ ವಂಶದಿಂದ ಇಳಿದುಬರುವ ರೋಗವು ಆಲ್ಜೈಮರ್ ರೋಗಿಗಳಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಉಳಿದವರಲ್ಲಿ ಬಹುಮಂದಿಗೆ ರೋಗವು ಅರವತ್ತೈದು ದಾಟಿದ ಮೇಲೆ, ಹಳ್ಳದ ದೋಷದಿಂದಲ್ಲ, ತೂಬಿನ ದೋಷದಿಂದ ಬರುತ್ತದೆಂದು ಬಹುಮಟ್ಟಿಗೆ ತಿಳಿದುಬಂದಿದೆ. ಹುಟ್ಟುವ ಹೂಳು ಮೊದಲಿನಷ್ಟೇ, ಹೊರಹೋಗುವುದು ಕಡಿಮೆ. ಈ ತೂಬಿನ ಕೆಲಸದಲ್ಲಿ ದೊಡ್ಡ ಪಾತ್ರವಿರುವುದು ಅಪೊ-ಇ ಎಂಬ ಪ್ರೋಟೀನಿಗೆ. ಇದು ಮೆದುಳಿನಲ್ಲಿ ಕೊಬ್ಬನ್ನು ಹೊತ್ತು ಸಾಗಿಸುವ ಕೂಲಿಯಾಳಿನಂತಹುದು. ಇದರಲ್ಲಿ ಎರಡು, ಮೂರು, ನಾಲ್ಕು ಎಂಬ ಅಂಕೆಗಳ ಮೂರು ಬಗೆಗಳುಂಟು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿಯೊಬ್ಬರಲ್ಲಿಯೂ ಎರಡು ಅಚ್ಚುಗಳು. ನಾಲ್ಕನೆಯ ಬಗೆಯುಳ್ಳವರಲ್ಲಿ ಹೂಳು ಸಾಗುವುದು ನಿಧಾನವೆಂದೂ ಅವರಿಗೆ ರೋಗದ ಸಂಭವ ಹೆಚ್ಚೆಂದೂ 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಲನ್ ರೋಸಸ್ ಮತ್ತು ಅವರ ಜತೆಯವರು ತೋರಿಸಿದಂದಿನಿಂದ ಈ ಶೋಧನೆಗೆ ಹೊಸ ದಾರಿ ತೆರೆಯಿತು. ಯೂರೋಪು ಮೂಲದ ಜನರಲ್ಲಿ ನಾಲ್ಕನೆಯ ಬಗೆಯ ಒಂದು ಅಚ್ಚಿದ್ದರೆ ಸಂಭವವು ಸುಮಾರು ಮೂರು ಪಟ್ಟು, ಎರಡಿದ್ದರೆ ಸುಮಾರು ಎಂಟರಿಂದ ಹನ್ನೆರಡು ಪಟ್ಟು ಎಂದು ಲೆಕ್ಕ ಹಾಕಿದ್ದಾರೆ. ಇನ್ನೊಂದು ಅಚ್ಚಿನ ಸಂಗತಿ 2013ರ ಹೊತ್ತಿಗೆ ಬೆಳಕಿಗೆ ಬಂದಿತು. ಕೆರೆಗೆ ನೀರುಗಂಟಿಯಿರುವಂತೆ, ಮೆದುಳಿನಲ್ಲಿಯೂ ಕಸವನ್ನು ನುಂಗಿ ಚೊಕ್ಕಟಮಾಡುವ ಕಾವಲು ಕೋಶಗಳುಂಟು. ಅವುಗಳ ಮೇಲಿರುವ ಟ್ರೆಮ್-2 ಎಂಬ ಪ್ರೋಟೀನಿನ ಅಚ್ಚಿನಲ್ಲಿ ದೋಷವಿದ್ದರೆ ನೀರುಗಂಟಿಯು ಹೂಳನ್ನು ಕಂಡರೂ ಕೈಹಾಕದೆ ಕುಳಿತಿರುತ್ತಾನೆ.

ವಂಶವಾಹಿ ಎಂಬ ಮಾತು ಕಿವಿಗೆ ಬಿದ್ದೊಡನೆಯೇ ಹೆಣ್ಣು ಕೊಡುವವರ, ತರುವವರ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟುವುದು ಸಹಜ. ಆ ಮನೆಯ ಅಜ್ಜನಿಗೆ ಮರುಳಿತ್ತಂತೆ, ಈ ಮನೆಯ ದೊಡ್ಡಮ್ಮ ಕಡೆಗಾಲದಲ್ಲಿ ಮಕ್ಕಳ ಗುರುತನ್ನೇ ಮರೆತಿದ್ದಳಂತೆ ಎಂದು ಸಂಬಂಧಗಳು ಮುರಿಯುವುದುಂಟು. ಇದಕ್ಕೆ ವಿಜ್ಞಾನದ ಆಧಾರವೇನೂ ಇಲ್ಲ. ಎಪ್ಪತ್ತು ಎಂಬತ್ತು ವರ್ಷದಲ್ಲಿ ಬಂದ ರೋಗವು ಆ ಮನೆತನದ ಕಳಂಕವಲ್ಲ. ಅಪೊ-ಇ ನಾಲ್ಕನೆಯ ಬಗೆಯ ಎರಡು ಅಚ್ಚುಗಳನ್ನು ಹೊತ್ತೂ ತೊಂಬತ್ತರವರೆಗೆ ಚುರುಕಾಗಿ ಬಾಳಿದವರುಂಟು. ಒಂದೂ ಇಲ್ಲದೆ ರೋಗಕ್ಕೆ ಸಿಕ್ಕಿದವರು ಅದಕ್ಕಿಂತ ಹೆಚ್ಚು. ಅದು ಹಣೆಬರಹವಲ್ಲ, ಕೇವಲ ತೂಕದಲ್ಲಿ ಒಂದು ಕಡೆಗೆ ಇಟ್ಟ ಬೊಟ್ಟಿನಂತೆ. ತಕ್ಕಡಿಯ ಇನ್ನೊಂದು ಕಡೆಗೂ ತೂಕವನ್ನು ಇಡಬಹುದು. ಹಣ ತೆಗೆದುಕೊಂಡು ಈ ಅಚ್ಚನ್ನು ಪರೀಕ್ಷಿಸಿಕೊಡುವ ಸಂಸ್ಥೆಗಳು ಈಚೆಗೆ ಪಟ್ಟಣಗಳಲ್ಲಿ ಹೆಚ್ಚಿವೆ. ತಜ್ಞರ ಸಲಹೆಯಿಲ್ಲದೆ, ಆರೋಗ್ಯವಂತರು ಕುತೂಹಲಕ್ಕಾಗಿ ಅದನ್ನು ಮಾಡಿಸಿಕೊಳ್ಳುವುದರಿಂದ ಭಯವೊಂದನ್ನು ಬಿಟ್ಟು ಬೇರೇನೂ ಮನೆಗೆ ಬರುವುದಿಲ್ಲ.

ಈ ಲೆಕ್ಕಗಳೆಲ್ಲ ಯೂರೋಪಿನವರ ರಕ್ತದಿಂದ ಬಂದವು. ಇಲ್ಲಿನವರಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬ ಪ್ರಶ್ನೆಯು ಇದ್ದೇ ಇದೆ. ಇದನ್ನು ಮೊದಲು ಚೆನ್ನಾಗಿ ಕೆದಕಿದ್ದು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ. ಅಲ್ಲಿಯ ವೃದ್ಧರನ್ನು ಅಮೆರಿಕದ ಮೊನಾಂಗಹೀಲಾ ಕಣಿವೆಯ ವೃದ್ಧರೊಡನೆ ಹೋಲಿಸಿ 2001ರಲ್ಲಿ ಪ್ರಕಟಿಸಿದ ವರದಿಯಂತೆ, 65 ದಾಟಿದ ಸಾವಿರ ಮಂದಿಯಲ್ಲಿ ವರ್ಷಕ್ಕೆ ಹೊಸದಾಗಿ ರೋಗ ಬಂದವರು ಅಲ್ಲಿ 17.5 ಆದರೆ ಇಲ್ಲಿ 4.7 ಮಾತ್ರ. ಅಪೊ-ಇ ನಾಲ್ಕನೆಯ ಬಗೆಯ ಅಚ್ಚುಗಳು ಅಮೆರಿಕದವರಲ್ಲಿ ನೂರಕ್ಕೆ 11ರಷ್ಟಿದ್ದರೆ ಬಲ್ಲಭಗಢದಲ್ಲಿ 7ರಷ್ಟು. ಆದರೆ ಆ ಅಚ್ಚು ಇದ್ದವರಿಗೆ ರೋಗದ ಸಂಭವ ಹೆಚ್ಚುವುದು ಎರಡು ಕಡೆಯಲ್ಲಿಯೂ ಒಂದೇ ಬಗೆಯಾಗಿತ್ತು. ಇದನ್ನು ಕೇಳಿ ಹಿಗ್ಗುವುದಕ್ಕೆ ಮೊದಲು ಸ್ವಲ್ಪ ಯೋಚಿಸಬೇಕು. ರೋಗಿಗಳು ಬೇಗ ತೀರಿಕೊಂಡರೆ, ಅಥವಾ ಮನೆಯವರು ಮರವೆಯನ್ನು ಸಹಜವೆಂದು ಬಗೆದು ಹೇಳದೆ ಹೋದರೆ, ಲೆಕ್ಕವು ತಾನಾಗಿಯೇ ಕಡಿಮೆಯಾಗುತ್ತದೆ. ಗಾದೆಯ ಸುಳ್ಳು ಲೆಕ್ಕದ ಪುಸ್ತಕದಲ್ಲಿಯೂ ಹೀಗೆ ನುಸುಳಬಲ್ಲುದು.

ಕನ್ನಡನಾಡಿನಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿ, ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟಿನ ದಾನದಿಂದ ನಿಂತಿರುವ ಮೆದುಳು ಸಂಶೋಧನ ಕೇಂದ್ರವು, ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ಅದರ ಸ್ಥಾಪಕ ನಿರ್ದೇಶಕರಾಗಿದ್ದಾಗ, 2018ರಲ್ಲಿ ಈ ಕೆಲಸವನ್ನು ಆರಂಭಿಸಿತು. 45 ವರ್ಷವಾದ ಹಾಗೂ ಅದಕ್ಕೆ ಮೇಲ್ಪಟ್ಟ, ರೋಗವಿಲ್ಲದ 10,000 ಹಳ್ಳಿಯ ಜನರನ್ನು ಆರಿಸಿ, ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವುದು ಇದರ ಗುರಿ. ರಕ್ತ, ವಂಶವಾಹಿ, ರಕ್ತದೊತ್ತಡ, ಜ್ಞಾಪಕಶಕ್ತಿ, ಮೆದುಳಿನ ಚಿತ್ರ, ಎಲ್ಲವನ್ನೂ ನೋಡುತ್ತಾರೆ. ರೋಗ ಬಂದ ಮೇಲೆ ಕಾರಣವನ್ನು ಹುಡುಕುವುದು ಕೆರೆ ಬತ್ತಿದ ಮೇಲೆ ಹೂಳನ್ನು ಅಳೆದಂತೆ. ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಗಸಿ ಕಟ್ಟತೊಡಗುವುದರಿಂದ, ಆರೋಗ್ಯವಂತರನ್ನೇ ಹಿಂಬಾಲಿಸಬೇಕಾಗಿದೆ. ಮಾವಿನ ತೋಪುಗಳ ಆ ತಾಲ್ಲೂಕಿನ ರೈತರು, ಕೂಲಿಯವರು, ತಮಗೆ ಈಗ ಯಾವ ರೋಗವೂ ಇಲ್ಲದಿದ್ದರೂ ಒಂದು ದಿನದ ಕೆಲಸವನ್ನು ಬಿಟ್ಟು ಬಂದು ರಕ್ತವನ್ನು ಕೊಡುತ್ತಾರೆ. ಅದರಿಂದ ಹುಟ್ಟುವ ತಿಳಿವಳಿಕೆಯು ಉಪಯೋಗಕ್ಕೆ ಬರುವ ಹೊತ್ತಿಗೆ ಅವರಲ್ಲಿ ಹಲವರು ಇರುವುದಿಲ್ಲವೆಂಬುದು ಅವರಿಗೂ ಗೊತ್ತು. ಇದೇ ಕೇಂದ್ರದ ಮುಂದಾಳುತನದಲ್ಲಿ ದೇಶದ 20 ಸಂಸ್ಥೆಗಳು ಕೂಡಿ, ಭಾರತದ ಬೇರೆ ಬೇರೆ ಸಮುದಾಯಗಳ ಸುಮಾರು 10,000 ಮಂದಿಯ ವಂಶವಾಹಿಗಳ ಸಂಪೂರ್ಣ ಬರಹವನ್ನು ಓದಿ ಮುಗಿಸಿದವು. ಆ ಸಂಗ್ರಹವನ್ನು 2025ರ ಜನವರಿಯಲ್ಲಿ ಸಂಶೋಧಕರಿಗಾಗಿ ತೆರೆದಿಟ್ಟರು.

ಮೈಸೂರಿನಲ್ಲಿಯೂ ಇದಕ್ಕೆ ಸಂಬಂಧಿಸಿದ ಒಂದು ನಿಧಿಯುಂಟು. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಸೂಲಗಿತ್ತಿಯರು 1934ರಿಂದ ಹುಟ್ಟಿದ ಪ್ರತಿಯೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ಆ ಮಕ್ಕಳು ಮುದುಕರಾದ ಮೇಲೆ ಅವರನ್ನು ಹುಡುಕಿ, ತಾಯಿಯ ಗರ್ಭದಲ್ಲಿ ಆದ ಪೋಷಣೆಗೂ ಮುಪ್ಪಿನ ಜ್ಞಾಪಕಶಕ್ತಿಗೂ ನಂಟುಂಟೇ ಎಂದು ವೈದ್ಯರು ಪರೀಕ್ಷಿಸಿದ್ದಾರೆ. ಪುಸ್ತಕದಲ್ಲಿ ಅಂಕೆಗಳನ್ನು ತುಂಬಿದ ಆ ಹೆಂಗಸರಿಗೆ ಅದು ಯಾವ ಕೆಲಸಕ್ಕೆ ಬಂದೀತೆಂಬ ಊಹೆಯೂ ಇರಲಾರದು. ಅದೇ ಊರಿನ ಕೇಂದ್ರ ಆಹಾರ ಸಂಶೋಧನಾಲಯದ ಕೆ. ಎಸ್. ಜಗನ್ನಾಥರಾವ್ ಅವರೂ, ವಿಜ್ಞಾನ ಮಂದಿರದ ಎಂ. ಎ. ವಿಶ್ವಮಿತ್ರ ಅವರೂ ಇನ್ನಿಬ್ಬರೂ ಕೂಡಿ 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ರೋಗಿಗಳ ಮೆದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗದಲ್ಲಿ ಡಿ.ಎನ್.ಎ. ಸುರುಳಿಯೇ ಬಲಮುರಿಯ ರೂಪದಿಂದ ಎಡಮುರಿಯ ರೂಪಕ್ಕೆ ತಿರುಗಿರುವುದನ್ನು ತೋರಿಸಿದರು. ಅಚ್ಚಿನ ಅಕ್ಷರವು ಸರಿಯಾಗಿದ್ದರೂ ಹಾಳೆಯೇ ಮುದುರಿದರೆ ಓದುವುದು ಹೇಗೆ? ಈ ಎಳೆಯು ಮುಖ್ಯವಾದ ವಾದವಾಗಿ ಬೆಳೆಯಲಿಲ್ಲವಾದರೂ, ಮೈಸೂರಿನ ಮೇಜಿನ ಮೇಲೆ ಹುಟ್ಟಿದ ಈ ಪ್ರಶ್ನೆಯು ಮರೆಯತಕ್ಕದ್ದಲ್ಲ.

ಹಿಪ್ಪೋಕ್ಯಾಂಪಸ್ಸಿನ ಮಾತು ಬಂದುದರಿಂದ ಇಲ್ಲಿಯೇ ಒಂದು ಸಂಗತಿಯನ್ನು ಹೇಳಿಬಿಡಬಹುದು. ಹೊಸ ನೆನಪುಗಳನ್ನು ಕಟ್ಟುವುದು ಈ ಭಾಗ. ರೋಗವು ಮೊದಲಲ್ಲಿಯೇ ಕೈಯಿಡುವುದೂ ಇದರ ನೆರೆಯಲ್ಲಿ. ಕೈಗಳಿಗೆ ಅಭ್ಯಾಸವಾದ ಕೆಲಸಗಳ ನೆನಪು ಇರುವ ಕಡೆ ಬೇರೆ, ಅದು ಬಹುಕಾಲ ಉಳಿಯುತ್ತದೆ. ಆದುದರಿಂದಲೇ, ಬೆಳಿಗ್ಗೆ ಪೂಜೆ ಮಾಡಿದ್ದನ್ನು ಮರೆತು ಎರಡನೆಯ ಸಲ ಪೂಜೆಗೆ ಕುಳಿತ ಹಿರಿಯರು, ವಿಭೂತಿಯನ್ನು ಧರಿಸುವುದರಲ್ಲಿ, ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಳ್ಳುವುದರಲ್ಲಿ, ಒಂದು ಕ್ರಮವನ್ನೂ ತಪ್ಪದೆ ಇರುವುದು ಅನೇಕ ಮನೆಗಳಲ್ಲಿ ಕಾಣುತ್ತದೆ. ಇದನ್ನು ಕಂಡು, ಎಲ್ಲ ಗೊತ್ತಿದ್ದೂ ನಟಿಸುತ್ತಿದ್ದಾರೆಂದು ಮನೆಯವರು ಸಿಟ್ಟಾಗುತ್ತಾರೆ. ಅದು ನಟನೆಯಲ್ಲ. ಎರಡನೆಯ ಪೂಜೆಯನ್ನು ತಡೆಯದೆ ನೀರನ್ನೂ ಹೂವನ್ನೂ ತಂದಿಟ್ಟರೆ ಯಾರಿಗೂ ನಷ್ಟವಿಲ್ಲ. ಆ ಹೊತ್ತಿನಷ್ಟು ಮಟ್ಟಿಗೆ ಅವರು ತಮ್ಮ ಹಳೆಯ ಮನುಷ್ಯರಾಗಿರುತ್ತಾರೆ.

ಗಸಿಯನ್ನೇ ಮೂಲವೆಂದು ಬಹುಕಾಲ ನಂಬಿದ್ದರೂ, ಗಸಿ ಕಟ್ಟುವುದಕ್ಕೆ ಮೊದಲೇ ಕೇಡು ಆರಂಭವಾಗುತ್ತದೆಂಬುದಕ್ಕೆ ಬೆಂಗಳೂರಿನಿಂದಲೇ ಸಾಕ್ಷಿ ಬಂದಿದೆ. ಒಂದು ನರಕೋಶವು ಇನ್ನೊಂದರೊಡನೆ ಮಾತಾಡುವ ಜಾಗದಲ್ಲಿ ಮುಳ್ಳಿನಂತಹ ಚಿಕ್ಕ ಮೊನೆಗಳುಂಟು. ಅವು ನಿಂತಿರುವುದು ಆಕ್ಟಿನ್ ಎಂಬ ಎಳೆಗಳ ಚಪ್ಪರದ ಮೇಲೆ. ಮನುಷ್ಯರ ಕೆಟ್ಟ ಅಚ್ಚನ್ನು ಸೇರಿಸಿ ಬೆಳೆಸಿದ ಇಲಿಗಳಲ್ಲಿ, ಗಸಿ ಕಾಣುವ ಎಷ್ಟೋ ಮೊದಲೇ, ಅವು ಎಳೆಯವಾಗಿರುವಾಗಲೇ ಈ ಚಪ್ಪರವು ಕಳಚಿ ಬೀಳುತ್ತದೆಂದು ರೆಡ್ಡಿ ಪೀರಾ ಕೊಮ್ಮದ್ದಿ, ವಿಜಯಲಕ್ಷ್ಮಿ ರವೀಂದ್ರನಾಥ್ ಮೊದಲಾದವರು 2018ರಲ್ಲಿ ತೋರಿಸಿದರು. ಆಲ್ಜೈಮರನು ಕಂಡ ಎರಡನೆಯ ವಸ್ತುವಾದ ಸಿಕ್ಕಿನ ಎಳೆಗಳು ಟೌ ಎಂಬ ಪ್ರೋಟೀನಿನವು. ಕೋಶದ ಒಳಗಿನ ಸಾಗಣೆಯ ಹಳಿಗಳನ್ನು ಹಿಡಿದಿರಬೇಕಾದ ಟೌ, ಮಿತಿಮೀರಿ ಫಾಸ್ಫೇಟು ಅಂಟಿದಾಗ ಕಳಚಿ ತನ್ನಷ್ಟಕ್ಕೆ ತಾನೇ ಹೆಣೆದುಕೊಳ್ಳುತ್ತದೆ. ರೋಗಿಯ ಬುದ್ಧಿಯು ಎಷ್ಟು ಕುಂದಿದೆ ಎಂಬುದು ಗಸಿಗಿಂತಲೂ ಈ ಟೌ ಹರಡಿರುವ ಮಟ್ಟಕ್ಕೇ ಹೆಚ್ಚಾಗಿ ಹೊಂದುತ್ತದೆ. ನಿಮ್ಹಾನ್ಸ್ ಸಂಸ್ಥೆಯೂ ಬೆಂಗಳೂರಿನ ಇತರ ಎರಡು ಜೀವವಿಜ್ಞಾನ ಸಂಸ್ಥೆಗಳೂ ಕೂಡಿ, ಒಂದೇ ಮನೆಯಲ್ಲಿ ಹಲವರಿಗೆ ಮನೋರೋಗ ಅಥವಾ ಮರವೆಯ ರೋಗ ಬಂದಿರುವ ಕುಟುಂಬಗಳ ರಕ್ತವನ್ನು ಪಡೆದು, ಆ ರಕ್ತದ ಕೋಶಗಳಿಂದಲೇ ಮೂಲಕೋಶಗಳನ್ನೂ ಅವುಗಳಿಂದ ನರಕೋಶಗಳನ್ನೂ ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವ ಕೆಲಸವನ್ನು ಕೈಕೊಂಡಿವೆ. ಬದುಕಿರುವವರ ಮೆದುಳನ್ನು ಮುಟ್ಟದೆ ಅವರ ನರಕೋಶವನ್ನು ನೋಡುವ ಉಪಾಯವಿದು.

ಮದ್ದುಂಟೇ ಎಂಬ ಪ್ರಶ್ನೆಯು ಇಷ್ಟು ಹೊತ್ತಿಗೆ ಎಲ್ಲರ ಮನಸ್ಸಿನಲ್ಲಿಯೂ ಎದ್ದಿರುತ್ತದೆ. ಹಳ್ಳಿಗಳಲ್ಲಿ ಮೊದಲು ಕೇಳುವುದು ಅಶ್ವಗಂಧವನ್ನೇ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರೂ ಜತೆಗಾರರೂ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನ ಕೇಂದ್ರದಲ್ಲಿ ಮಾಡಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಶ್ವಗಂಧದ ಬೇರಿನ ಸಾರವನ್ನು 30 ದಿನ ಕುಡಿಸಿದ ರೋಗದ ಇಲಿಗಳು ಮರೆತ ಹಾದಿಯನ್ನು ಮತ್ತೆ ಕಲಿತವು, ಅವುಗಳ ಮೆದುಳಿನ ಗಸಿಯೂ ಇಳಿಯಿತು. ಅದು ಕೆಲಸ ಮಾಡಿದ್ದು ಮೆದುಳಿನಲ್ಲಲ್ಲ, ಪಿತ್ತಜನಕಾಂಗದಲ್ಲಿ ಎಂಬುದೇ ಬೆರಗಿನ ಮಾತು. ಅಲ್ಲಿ ಎಲ್.ಆರ್.ಪಿ. ಎಂಬ ಪ್ರೋಟೀನು ಹೆಚ್ಚಾಗಿ, ರಕ್ತದಲ್ಲಿಯ ಅಮೈಲಾಯ್ಡನ್ನು ಹಿಡಿದುಕೊಂಡಿತು; ಕೆಳಗಿನ ಕಾಲುವೆ ಬರಿದಾದಾಗ ಕೆರೆಯ ತೂಬು ತಾನೇ ಹರಿಯುವಂತೆ, ಮೆದುಳಿನ ಗಸಿಯು ರಕ್ತಕ್ಕೆ ಇಳಿಯಿತು. ಆದರೆ ಇದು ಇಲಿಗಳ ಕತೆ. ಮನುಷ್ಯರಲ್ಲಿ ಅಶ್ವಗಂಧವು ಈ ರೋಗವನ್ನು ವಾಸಿ ಮಾಡುತ್ತದೆಂದು ಇದುವರೆಗೆ ಸ್ಥಿರಪಟ್ಟಿಲ್ಲ. ಸಂತೆಯಲ್ಲಿ ಮಾರುವ ಪುಡಿಗೂ ಪ್ರಯೋಗಶಾಲೆಯ ಸಾರಕ್ಕೂ ಬಹಳ ಅಂತರವುಂಟು. ಆ ಪುಡಿಯನ್ನು ನಂಬಿ ವೈದ್ಯರ ಮದ್ದನ್ನು ನಿಲ್ಲಿಸಬಾರದು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನ ಕೇಂದ್ರದ ಟಿ. ಗೋವಿಂದರಾಜು ಅವರು ತಯಾರಿಸಿದ ಟಿ.ಜಿ.ಆರ್.-63 ಎಂಬ ಅಣುವೂ ಇಲಿಗಳಲ್ಲಿ ಗಸಿಯನ್ನು ತಗ್ಗಿಸಿದೆ. ಅಮೆರಿಕದಲ್ಲಿ 2023ರಲ್ಲಿ ಲೆಕಾನೆಮ್ಯಾಬ್, 2024ರಲ್ಲಿ ಡೊನಾನೆಮ್ಯಾಬ್ ಎಂಬ ಮದ್ದುಗಳಿಗೆ ಒಪ್ಪಿಗೆ ದೊರೆಯಿತು. ಅವು ಗಸಿಯನ್ನು ತೊಳೆಯುವುದು ನಿಜ; ಆದರೆ ಮೊದಲನೆಯದು 18 ತಿಂಗಳಲ್ಲಿ ರೋಗದ ಇಳಿಜಾರನ್ನು ನೂರಕ್ಕೆ 27ರಷ್ಟು ನಿಧಾನಗೊಳಿಸಿತೇ ಹೊರತು ನಿಲ್ಲಿಸಲಿಲ್ಲ. ಮೆದುಳು ಊದಿಕೊಳ್ಳುವ, ರಕ್ತ ಒಸರುವ ಅಪಾಯವೂ ಉಂಟು. ಅಪೊ-ಇ ನಾಲ್ಕರ ಎರಡು ಅಚ್ಚುಳ್ಳವರಿಗೆ ಅದು ಇನ್ನೂ ಹೆಚ್ಚು. ಈ ಶಾಸ್ತ್ರದಲ್ಲಿ ಮೋಸವೂ ನಡೆಯದಿಲ್ಲ. 2006ರಲ್ಲಿ ಹೆಸರಾಂತ ಪತ್ರಿಕೆಯಲ್ಲಿ ಬಂದ ಒಂದು ಅಮೈಲಾಯ್ಡ್ ಲೇಖನದ ಚಿತ್ರಗಳು ತಿದ್ದಿದವೆಂದು ತಿಳಿದು 2024ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಹದಿನೆಂಟು ವರ್ಷ ಹಿಡಿಯಿತು.

ಹಾಗಾದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡತಕ್ಕ ತೂಕ ಯಾವುದು? 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ನೇಮಿಸಿದ ತಜ್ಞರ ಮಂಡಲಿಯು, ಮನುಷ್ಯಪ್ರಯತ್ನದಿಂದ ತಿದ್ದಬಹುದಾದ 14 ಕಾರಣಗಳನ್ನು ಗುರುತಿಸಿ, ಅವೆಲ್ಲವನ್ನೂ ತಿದ್ದಿದರೆ ಇಂತಹ ರೋಗಗಳಲ್ಲಿ ನೂರಕ್ಕೆ ಸುಮಾರು 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಹೇಳಿದೆ. ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಬ್ಬು, ಹೊಗೆಸೊಪ್ಪು, ಕುಡಿತ, ತಲೆಯ ಪೆಟ್ಟು, ಕಿವುಡು, ಕಣ್ಣಿನ ಪೊರೆ, ಒಂಟಿತನ, ಇವೆಲ್ಲ ಅದರಲ್ಲಿ ಸೇರಿವೆ. ಕಿವಿ ಕೇಳದ ಮುದುಕರನ್ನು ಮೂಲೆಯಲ್ಲಿ ಕೂರಿಸುವ ರೂಢಿಯು ಅವರ ಮೆದುಳನ್ನು ಹಸಿವಿನಿಂದ ಕೆಡವಿದಂತೆ. ಎಳೆಯ ವಯಸ್ಸಿನ ವಿದ್ಯಾಭ್ಯಾಸವೂ ಆ ಪಟ್ಟಿಯಲ್ಲಿದೆ: ಓದು ಬರಹವನ್ನು ಕಲಿತ ಮೆದುಳಿನಲ್ಲಿ ನರಕೋಶಗಳ ನಂಟು ದಟ್ಟವಾಗಿರುವುದರಿಂದ, ಅಷ್ಟೇ ಗಸಿ ಕಟ್ಟಿದರೂ ಅದು ಹೆಚ್ಚು ಕಾಲ ತಡೆಯುತ್ತದೆ. ಕರ್ನಾಟಕದ ಮಠಗಳು ಅನ್ನವಿಕ್ಕಿ ಅಕ್ಷರ ಕಲಿಸಿದ ಉಚಿತ ವಿದ್ಯಾರ್ಥಿನಿಲಯಗಳು ಈ ಕಡೆಯಿಂದ ನೋಡಿದರೆ ಅರವತ್ತು ವರ್ಷ ಮುಂಚಿತವಾಗಿ ಕೊಟ್ಟ ಮದ್ದುಗಳೇ ಆಗಿವೆ. ಅದು ಹೆಣ್ಣುಮಕ್ಕಳಿಗೂ ಅಷ್ಟೇ ಧಾರಾಳವಾಗಿ ದೊರೆಯಬೇಕಾದ ಮದ್ದು. ಮರವೆ ಕಂಡೊಡನೆ ವೈದ್ಯರ ಬಳಿಗೆ ಹೋಗಲು ಇನ್ನೊಂದು ಕಾರಣವೂ ಉಂಟು. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಇವುಗಳಿಂದಲೂ ಮರವೆ ಬರುತ್ತದೆ. ಇವು ಮದ್ದಿಗೆ ಬಗ್ಗುತ್ತವೆ. ಇದೇ ತಾಲ್ಲೂಕಿನ ಬಿ. ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯೂ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಹೊಣಕೆರೆಯವರಿಗೆ ದೂರವಲ್ಲ.

ಕಡೆಯದಾಗಿ, ಸಭೆಯಲ್ಲಿ ಎತ್ತುವುದಕ್ಕೆ ಕಠಿನವಾದರೂ ಎತ್ತಲೇಬೇಕಾದ ವಿಷಯವೊಂದುಂಟು. ಮೇಲೆ ಹೇಳಿದ ಶೋಧನೆಯು ಆರಂಭವಾದುದೇ ಒಬ್ಬ ಹೆಂಗಸಿನ ಮೆದುಳಿನಿಂದ. ಇಲಿಯ ಮೆದುಳು ಎಷ್ಟೇ ಉಪಕಾರಿಯಾದರೂ ಅದು ಮನುಷ್ಯನದಲ್ಲ. 1995ರಲ್ಲಿ ಎಸ್. ಕೆ. ಶಂಕರ್ ಅವರ ಪ್ರಯತ್ನದಿಂದ ನಿಮ್ಹಾನ್ಸ್‌ನಲ್ಲಿ ಮೆದುಳಿನ ಭಂಡಾರವು ಸ್ಥಾಪಿತವಾಯಿತು. ಬಂಧುಗಳ ಒಪ್ಪಿಗೆಯಿಂದ ದೊರೆತ ಮೆದುಳುಗಳನ್ನು ಅಲ್ಲಿ ಶೀತದಲ್ಲಿಯೂ ದ್ರವದಲ್ಲಿಯೂ ಕಾಪಾಡಿ ಸಂಶೋಧಕರಿಗೆ ಕೊಡುತ್ತಾರೆ. ಲಿಂಗೈಕ್ಯರಾದವರ ದೇಹವನ್ನು ಕೈಯಲ್ಲಿ ಇಷ್ಟಲಿಂಗವನ್ನಿರಿಸಿ ಕುಳಿತ ಭಂಗಿಯಲ್ಲಿಯೇ ಸಮಾಧಿ ಮಾಡುವ ಸಂಪ್ರದಾಯದವರಿಗೆ, ದೇಹವನ್ನು ಕೊಯ್ಯುವ ಮಾತು ಎದೆಗೆ ನಾಟುವುದು ಸಹಜ. ಅವರಿಗೆ ತಿಳಿಯಬೇಕಾದ ಸಂಗತಿ ಇಷ್ಟು: ದೇಹವನ್ನು ಇಟ್ಟುಕೊಳ್ಳುವುದಿಲ್ಲ. ತಲೆಯ ಮೇಲೆ ಕೂದಲ ನಡುವೆ ಕಿವಿಯಿಂದ ಕಿವಿಯವರೆಗೆ ಕೊಯ್ದು, ಮೆದುಳನ್ನು ತೆಗೆದು, ಮತ್ತೆ ಹೊಲಿಯುತ್ತಾರೆ. ಮುಖಕ್ಕೆ ಗಾಯವಾಗುವುದಿಲ್ಲ, ಕುಳ್ಳಿರಿಸುವುದಕ್ಕೆ ಅಡ್ಡಿಯಾಗುವುದಿಲ್ಲ, ದೇಹವನ್ನು ವಿಧಿಗಳಿಗಾಗಿ ಬಂಧುಗಳಿಗೆ ಹಿಂದಿರುಗಿಸುತ್ತಾರೆ. ಆದರೆ ಇದು ಮರಣಾನಂತರ ಕೆಲವೇ ಗಂಟೆಗಳಲ್ಲಿ ಆಗಬೇಕು. ಹೊಣಕೆರೆಯಿಂದ ಬೆಂಗಳೂರು ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಅಳುವಿನ ನಡುವೆ ಕುಳಿತು ಯೋಚಿಸುವುದಕ್ಕೆ ಅವಕಾಶವಿರುವುದಿಲ್ಲವಾಗಿ, ಬದುಕಿರುವಾಗಲೇ ಮನೆಯವರೊಡನೆ ಮಾತಾಡಿ, ಇಚ್ಛೆಯನ್ನು ಬರೆದಿಟ್ಟಿರಬೇಕು. ಹಾಗೆ ಬರೆದಿದ್ದರೂ ಬಂಧುಗಳು ಒಪ್ಪದೆ ಹೋದರೆ ಕೆಲಸವು ಅಲ್ಲಿಗೇ ನಿಲ್ಲುತ್ತದೆ. ರೋಗಿಗಳ ಮೆದುಳು ಮಾತ್ರವೇ ಬೇಕೆಂದೂ ತಿಳಿಯಬಾರದು. ಕಡೆಯ ದಿನದವರೆಗೂ ಮೊಮ್ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದವರ ಮೆದುಳೂ ಪಕ್ಕದಲ್ಲಿ ಇಲ್ಲದಿದ್ದರೆ, ರೋಗದ ಮೆದುಳಿನಲ್ಲಿ ಕೆಟ್ಟಿರುವುದೇನು, ಬರಿಯ ಮುಪ್ಪಿನಿಂದ ಸವೆದಿರುವುದೇನು ಎಂದು ಹೋಲಿಸಿ ನೋಡುವುದಕ್ಕೆ ಸಂಶೋಧಕರಿಗೆ ಬೇರೆ ದಾರಿಯಿಲ್ಲ.